ಹಳ್ಳದ ಬಾಯಿ

ಗಂಗಾವತಿ ತಾಲ್ಲೂಕಿನ ಮರಳಿ ಸುತ್ತಮುತ್ತ ಭತ್ತ ಬೆಳೆಯುವವರಿಗೆ ಪ್ರತಿ ವರ್ಷ ಎದುರಾಗುವ ಪ್ರಶ್ನೆ ಒಂದೇ: ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ? ಮುಂಗಾರಿನ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ತುಂಗಭದ್ರಾ ಎಡದಂಡೆ ನಾಲೆಗೆ ಎಷ್ಟು ನೀರು, ಎಲ್ಲಿಯವರೆಗೆ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಸಸಿ ಮಡಿ ಹಾಕಬೇಕೋ ಬೇಡವೋ ಎಂದು ಕಾದು ಕುಳಿತವರ ನಡುವೆ ಚಹಾದಂಗಡಿಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಡ್ಯಾಮಿನ್ಯಾಗ ಹೂಳು ತುಂಬೈತಿ, ನೀರು ಎಲ್ಲಿಂದ ನಿಲ್ಲಬೇಕು?’

ಮಾತು ನಿಜ. 1953ರಲ್ಲಿ ಮೊದಲ ಸಲ ನೀರು ನಿಂತಾಗ ತುಂಗಭದ್ರಾ ಜಲಾಶಯ 133 ಟಿಎಂಸಿ ಅಡಿ ನೀರು ಹಿಡಿಯುತ್ತದೆ ಎಂಬ ಲೆಕ್ಕವಿತ್ತು. ಈಗಿನ ಲೆಕ್ಕ 105.788 ಟಿಎಂಸಿ. ನಡುವೆ, 2008ರ ಸಮೀಕ್ಷೆಯಲ್ಲಿ ಈ ಅಂಕಿ 100.855ಕ್ಕೆ ಇಳಿದಿತ್ತು. 2016ರ ಸಮೀಕ್ಷೆಯಲ್ಲಿ ಮತ್ತೆ ಏರಿತು. ಹೂಳು ತಾನಾಗಿ ಕರಗಿತೆಂದು ಇದರ ಅರ್ಥವಲ್ಲ. ಅಷ್ಟು ದೊಡ್ಡ ಕೆರೆಯ ತಳವನ್ನು ಅಳೆಯುವುದು ಕಷ್ಟದ ಕೆಲಸ, ವಿಧಾನ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಯಾವ ಅಂಕಿ ಹಿಡಿದರೂ ಸುಮಾರು 27 ಟಿಎಂಸಿಗಿಂತ ಕಡಿಮೆ ನಷ್ಟವಂತೂ ಇಲ್ಲ.

ಹಾಗಾದರೆ ಆ ಹೂಳು ಎಲ್ಲಿದೆ? ಹೆಚ್ಚಿನವರ ಕಣ್ಣ ಮುಂದೆ ಬರುವ ಚಿತ್ರ ಇದು: ಹೊಸಪೇಟೆ–ಮುನಿರಾಬಾದ್ ನಡುವಿನ ಕಲ್ಲಿನ ಗೋಡೆಯ ಬುಡದಲ್ಲಿ ಮಣ್ಣು ಪದರ ಪದರವಾಗಿ ಕೂತಿದೆ, ಗೇಟು ಪೂರ್ತಿ ತೆಗೆದರೆ ಕೊಚ್ಚಿ ಹೋಗಬಹುದು. ಚಿತ್ರ ಸರಳ, ಆದರೆ ಬಹುಮಟ್ಟಿಗೆ ತಪ್ಪು. ಹೂಳಿನ ಭಾರವಾದ ಪಾಲು ಗೋಡೆಯಿಂದ ಬಹಳ ದೂರದಲ್ಲಿ, ನದಿ ಮತ್ತು ಹಳ್ಳಗಳು ಕೆರೆಗೆ ಬಂದು ಸೇರುವ ಜಾಗದಲ್ಲಿ ಇರುತ್ತದೆ. ಆ ಜಾಗವನ್ನು ಈ ಅಧ್ಯಾಯದಲ್ಲಿ ಹಳ್ಳದ ಬಾಯಿ ಎಂದು ಕರೆಯೋಣ. ದೊಡ್ಡ ಕೆರೆಯೊಂದು ಹೇಗೆ ಮುಚ್ಚಿಹೋಗುತ್ತದೆ ಎಂದು ತಿಳಿಯಲು ಸಣ್ಣ ಹಳ್ಳವೊಂದರ ಬಾಯಿಯನ್ನು ನೋಡಿದರೆ ಸಾಕು.

ಲಾರಿಯ ಲೆಕ್ಕ

ಮುಂದೆ ಹೋಗುವ ಮೊದಲು 27 ಟಿಎಂಸಿ ಎಂದರೆ ಎಷ್ಟು ಎಂಬುದನ್ನು ಕೈಗೆ ಸಿಗುವ ಅಳತೆಗೆ ಇಳಿಸಿಕೊಳ್ಳೋಣ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 27 ಟಿಎಂಸಿ ಹೂಳು ಸುಮಾರು 77 ಕೋಟಿ ಘನ ಮೀಟರ್. ಜಲಾಶಯ ತುಂಬಿದಾಗ ನೀರು ಹರಡಿಕೊಳ್ಳುವ ಜಾಗ ಸುಮಾರು 378 ಚದರ ಕಿಲೋಮೀಟರ್. ಅಷ್ಟಕ್ಕೂ ಈ ಮಣ್ಣನ್ನು ಸಮನಾಗಿ ಹಾಸಿದರೆ ಆಳೆತ್ತರಕ್ಕೂ ಮಿಗಿಲಾಗಿ, ಎರಡು ಮೀಟರ್ ದಪ್ಪ ಕೂರುತ್ತದೆ.

ಒಂದು ಟಿಪ್ಪರ್ ಲಾರಿಗೆ 10 ಘನ ಮೀಟರ್ ಹಿಡಿಯುತ್ತದೆ ಅಂದುಕೊಳ್ಳಿ. 7 ಕೋಟಿ 70 ಲಕ್ಷ ಲೋಡು. ಒಂದು ದಿನವೂ ಬಿಡದೆ ದಿನಕ್ಕೆ ಸಾವಿರ ಲೋಡು ತೆಗೆದರೆ 210 ವರ್ಷ ಬೇಕು. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ. 1953ರಿಂದ 2016ರವರೆಗಿನ ನಷ್ಟವನ್ನು ವರ್ಷಕ್ಕೆ ಹಂಚಿದರೆ 0.43 ಟಿಎಂಸಿಯಷ್ಟಾಗುತ್ತದೆ. ಆಯಾ ವರ್ಷ ಬಂದ ಹೂಳನ್ನು ಆಯಾ ವರ್ಷವೇ ತೆಗೆಯಬೇಕೆಂದರೂ ದಿನಕ್ಕೆ 3,300 ಲೋಡಿಗಿಂತ ಹೆಚ್ಚು ಸಾಗಿಸಬೇಕು. 2017ರ ಬರದ ಬೇಸಿಗೆಯಲ್ಲಿ ರೈತರೇ ಸೇರಿ ‘ಹೂಳಿನ ಜಾತ್ರೆ’ ಎಂದು ಜಲಾಶಯದ ಒಣಗಿದ ಅಂಗಳಕ್ಕೆ ಇಳಿದರು. ಅವರ ಮೇಲೆ ನನಗೆ ತುಂಬು ಗೌರವವಿದೆ. ಅವರು ಎತ್ತಿದ ಪ್ರಶ್ನೆ ದೊಡ್ಡದು. ಆದರೆ ಲಾರಿಯೊಂದನ್ನೇ ನಂಬಿದರೆ ಈ ಲೆಕ್ಕ ಎಂದೂ ಹೊಂದುವುದಿಲ್ಲ.

ಹಿರೇಹಳ್ಳ ಹೊತ್ತು ತರುವುದು

ಕೊಪ್ಪಳ ಜಿಲ್ಲೆಯ ಹಿರೇಹಳ್ಳವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯಲಬುರ್ಗಾ ಸೀಮೆಯ ಹೊಲಗಳ ನೀರನ್ನು ಕೂಡಿಸಿಕೊಂಡು ಅದು ಕೊಪ್ಪಳ ತಾಲ್ಲೂಕಿಗೆ ಇಳಿಯುತ್ತದೆ. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಹತ್ತಿರ, ಮುದ್ಲಾಪುರದಲ್ಲಿ, ಅದಕ್ಕೊಂದು ಅಣೆಕಟ್ಟು ಇದೆ. ಅದನ್ನು ದಾಟಿ ಮುಂದೆ ತುಂಗಭದ್ರೆಯ ಹಿನ್ನೀರಿಗೆ ಸೇರುತ್ತದೆ. ವರ್ಷದಲ್ಲಿ ಬಹಳ ತಿಂಗಳು ಹಳ್ಳದಲ್ಲಿ ಉಸುಕು ಮತ್ತು ಬಳ್ಳಾರಿ ಜಾಲಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಒಂದು ದೊಡ್ಡ ಮಳೆ ಬಿದ್ದರೆ ಎರಡೂ ದಡ ತುಂಬಿ, ಎರೆಮಣ್ಣಿನ ಬಣ್ಣ ಹೊತ್ತು ಓಡುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ತುಂಗಭದ್ರಾ ಜಲಾಶಯದ ಜಲಾನಯನ ಪ್ರದೇಶ ಸುಮಾರು 28,000 ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಕೂಡಲಿಯಲ್ಲಿ ಒಂದಾಗಿ ಬರುವ ನದಿಯ ಎದುರು ಸಣ್ಣ ಹಳ್ಳಗಳದ್ದು ಏನು ಮಹಾ? ಒಟ್ಟು ಹೂಳಿನಲ್ಲಿ ನದಿಯ ಪಾಲೇ ದೊಡ್ಡದು, ಅನುಮಾನವಿಲ್ಲ. ಆದರೆ ಎಕರೆಗೆ ಎಷ್ಟು ಮಣ್ಣು ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ದೊಡ್ಡ ನದಿಯ ಮಣ್ಣು ದಾರಿಯುದ್ದಕ್ಕೂ ಬಯಲಲ್ಲಿ, ತಿರುವಿನಲ್ಲಿ, ಮೇಲಿನ ಕೆರೆ–ಅಣೆಗಳಲ್ಲಿ ಇಳಿದು ಇಳಿದು ಬರುತ್ತದೆ. ಸಣ್ಣ ಹಳ್ಳಕ್ಕೆ ಅಂಥ ತಂಗುದಾಣ ಕಡಿಮೆ. ಹೊಲದಿಂದ ಹೊರಟ ಮಣ್ಣು ಅದೇ ಸಂಜೆ ಕೆರೆಯ ಅಂಚು ಮುಟ್ಟಬಹುದು. ಹೀಗಾಗಿ ಜಲಾನಯನ ಸಣ್ಣದಾದಷ್ಟೂ ಎಕರೆಗೆ ಬರುವ ಹೂಳು ಹೆಚ್ಚು ಎಂಬುದು ಜಗತ್ತಿನ ಅನೇಕ ಕಡೆ ಕಂಡ ಸಂಗತಿ.

ಎರಡನೆಯ ಕಾರಣ ಇನ್ನೂ ಕುತೂಹಲದ್ದು. 1958ರಲ್ಲಿ ಅಮೆರಿಕದ ಲ್ಯಾಂಗ್‌ಬೈನ್ ಮತ್ತು ಶೂಮ್ ಎಂಬ ಇಬ್ಬರು ವಿಜ್ಞಾನಿಗಳು ಮಳೆಗೂ ಹೂಳಿಗೂ ಇರುವ ಸಂಬಂಧವನ್ನು ಹುಡುಕಿದರು. ಮಳೆ ಹೆಚ್ಚಿದಷ್ಟೂ ಮಣ್ಣು ಹೆಚ್ಚು ಕೊಚ್ಚುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಅವರಿಗೆ ಕಂಡದ್ದು ಹಾಗಲ್ಲ. ಮರುಭೂಮಿಯಲ್ಲಿ ಮಳೆಯಿಲ್ಲ, ಮಣ್ಣು ಕದಲುವುದಿಲ್ಲ. ಮಲೆನಾಡಿನಂಥ ಕಡೆ ಮಳೆ ಧಾರಾಳ, ಆದರೆ ಎಲೆ, ಬೇರು, ತರಗು ಮಣ್ಣನ್ನು ಹಿಡಿದುಕೊಂಡಿರುತ್ತವೆ. ಅತಿ ಹೆಚ್ಚು ಮಣ್ಣು ಹೋಗುವುದು ಇವೆರಡರ ನಡುವಿನ ಅರೆ ಒಣ ಸೀಮೆಯಿಂದ. ಹಸಿರು ಹೊದಿಕೆ ಬೆಳೆಯಲು ಸಾಲದಷ್ಟು, ಮಣ್ಣು ಕೊಚ್ಚಲು ಸಾಕಾಗುವಷ್ಟು ಮಳೆ ಬೀಳುವ ಸೀಮೆ ಅದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಮೊದಲ ಹದಮಳೆಗೆ ಮುಂಚೆ ಹೊಲಗಳನ್ನು ಹರಗಿ ಬರಿದಾಗಿಡುವ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಆ ಬಗೆಯ ಸೀಮೆಯೇ.

ಬಾಯಲ್ಲಿ ಆಗುವುದೇನು

ಹಳ್ಳ ಮಣ್ಣನ್ನು ಹೊರುವುದು ತನ್ನ ಓಟದ ಬಲದಿಂದ. ಈ ಬಲ ವೇಗದ ಜೊತೆ ಸಮಸಮನಾಗಿ ಏರುವುದಿಲ್ಲ, ಜಿಗಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬುದು ಹಳೆಯ ಲೆಕ್ಕ. ಇದನ್ನೇ ತಿರುಗಿಸಿ ಓದಿ. ವೇಗ ಅರ್ಧಕ್ಕೆ ಇಳಿದರೆ ಹೊರುವ ಶಕ್ತಿ ಕುಸಿದೇ ಹೋಗುತ್ತದೆ.

ಹಳ್ಳದ ಬಾಯಲ್ಲಿ ಆಗುವುದು ಇದು. ಇಳಿಜಾರಿನಲ್ಲಿ ಓಡಿ ಬಂದ ನೀರು ಎದುರಿಗೆ ನಿಂತ ನೀರನ್ನು ಮುಟ್ಟುತ್ತದೆ. ಮುಂದಕ್ಕೆ ಇಳಿಜಾರಿಲ್ಲ. ನೀರು ಅಗಲಕ್ಕೆ ಹರಡುತ್ತದೆ, ವೇಗ ಕೆಲವೇ ಹೆಜ್ಜೆಗಳಲ್ಲಿ ಬಿದ್ದುಹೋಗುತ್ತದೆ. ಹೊತ್ತದ್ದನ್ನೆಲ್ಲ ಇಳಿಸಲೇಬೇಕು. ಆದರೆ ಎಲ್ಲವನ್ನೂ ಒಂದೇ ಕಡೆ ಇಳಿಸುವುದಿಲ್ಲ.

ಕಣದಲ್ಲಿ ಜೋಳದ ರಾಶಿ ತೂರುವುದನ್ನು ನೋಡಿದವರಿಗೆ ಮುಂದಿನದು ವಿವರಿಸಬೇಕಿಲ್ಲ. ಗಾಳಿಗೆ ಎತ್ತಿ ಬಿಟ್ಟ ಮೊರದಿಂದ ಗಟ್ಟಿ ಕಾಳು ಕಾಲಬುಡಕ್ಕೇ ಬೀಳುತ್ತದೆ, ಜೊಳ್ಳು ಒಂದು ಮಾರು ಆಚೆ, ಹೊಟ್ಟು ಇನ್ನೂ ದೂರ, ದೂಳು ಊರಾಚೆ. ಗಾಳಿ ಒಂದೇ, ಎತ್ತರ ಒಂದೇ. ಬೀಳಲು ಯಾವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದೇ ರಾಶಿಯನ್ನು ಬೇರ್ಪಡಿಸುತ್ತದೆ.

ಹಳ್ಳದ ಬಾಯಲ್ಲೂ ಬೀಳುವ ಹೊತ್ತೇ ಎಲ್ಲವನ್ನೂ ನಿರ್ಧರಿಸುತ್ತದೆ. ಅರ್ಧ ಮಿಲಿಮೀಟರ್ ಗಾತ್ರದ ಉಸುಕಿನ ಕಣ ನಿಂತ ನೀರಿನಲ್ಲಿ ಹತ್ತು ಮೀಟರ್ ಇಳಿಯಲು ಎರಡೂವರೆ–ಮೂರು ನಿಮಿಷ ಸಾಕು. ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟಿರುವ ನುಣುಪು ಹೂಳಿನ ಕಣಕ್ಕೆ ಎಂಟು ಗಂಟೆಯಷ್ಟು ಬೇಕು. ಅದರ ಹತ್ತನೇ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಒಂದು ತಿಂಗಳು. ಮೂರು ನಿಮಿಷದಲ್ಲಿ ಉಸುಕು ಎಷ್ಟು ದೂರ ಹೋದೀತು? ಬಾಯಿಯ ಹತ್ತಿರವೇ ಕೂರುತ್ತದೆ. ಎಂಟು ಗಂಟೆಯ ಹೂಳು ಕೆರೆಯ ಒಳಕ್ಕೆ ಸಾಗುತ್ತದೆ. ಒಂದು ತಿಂಗಳು ತೇಲುವ ಜೇಡಿ ಅಣೆಕಟ್ಟಿನ ಗೋಡೆಯವರೆಗೂ ಬರಬಹುದು, ನಾಲೆಯಲ್ಲಿ ಇಳಿದು ಮರಳಿಯ ಗದ್ದೆಗೂ ತಲುಪಬಹುದು. ಹೊಸ ನೀರು ಬಿಟ್ಟಾಗ ನಾಲೆಯಲ್ಲಿ ಕಾಣುವ ಕೆಂಪು ಕದಡಿನಲ್ಲಿ ಇಂಥ ಜೇಡಿಯೂ ಇರುತ್ತದೆ.

ಮೂರು ಹಾಸು

ಗ್ರೋವ್ ಕಾರ್ಲ್ ಗಿಲ್ಬರ್ಟ್ ಎಂಬ ಅಮೆರಿಕದ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯೂಟಾ ಸೀಮೆಯ ಬಾನವಿಲ್ ಎಂಬ ಬತ್ತಿಹೋದ ಮಹಾಸರೋವರದ ದಡಗಳನ್ನು ಅಧ್ಯಯನ ಮಾಡಿದರು. ನೀರಿಲ್ಲದ ಕಾರಣ ಹಿಂದೆ ಅಲ್ಲಿಗೆ ಬಂದು ಸೇರುತ್ತಿದ್ದ ತೊರೆಗಳ ಬಾಯಿಗಳು ತೆರೆದುಕೊಂಡಿದ್ದವು. ಆ ದಿಣ್ಣೆಗಳ ಒಳಗೆ ಅವರು ಮೂರು ಬಗೆಯ ಪದರಗಳನ್ನು ಗುರುತಿಸಿದರು. ನಾವು ಅವನ್ನು ಮೇಲ್ಹಾಸು, ಇಳಿಹಾಸು, ತಳಹಾಸು ಎನ್ನಬಹುದು.

ಮೇಲ್ಹಾಸು ಎಂದರೆ ನೀರಿನ ಮಟ್ಟಕ್ಕೆ ಹತ್ತಿರ, ಬಹುತೇಕ ಚಪ್ಪಟೆಯಾಗಿ ಹರಡಿದ ಉಸುಕು–ಗರಸು. ಇಳಿಹಾಸು ಎಂದರೆ ಅದರ ಅಂಚಿನಿಂದ ಆಳಕ್ಕೆ ಜಾರಿ ಬಿದ್ದ ಓರೆ ಪದರಗಳು. ಪ್ರತಿ ಪ್ರವಾಹಕ್ಕೂ ಒಂದೊಂದು ಪದರ ಕೂಡುತ್ತಾ ಅಂಚು ಕೆರೆಯ ಒಳಕ್ಕೆ ಮುಂದೆ ಸರಿಯುತ್ತದೆ. ತಳಹಾಸು ಎಂದರೆ ಇನ್ನೂ ಆಚೆ, ಕೆರೆಯ ತಳದ ಮೇಲೆ ತೆಳ್ಳಗೆ ಕೂತ ನುಣುಪು ಮಣ್ಣು. ಶಾಲೆಯ ಭೂಗೋಳದಲ್ಲಿ ಮುಖಜಭೂಮಿ ಎಂದು ಓದುವುದು ಸಮುದ್ರದ ಅಂಚಿನ ಇಂಥದೇ ರಚನೆ. ಗಂಗೆ, ಗೋದಾವರಿಗೆ ಮಾತ್ರ ಅದು ಮೀಸಲೆಂದು ನಾವು ತಿಳಿದಿದ್ದೇವೆ. ಆದರೆ ನಿಂತ ನೀರಿಗೆ ಬಂದು ಸೇರುವ ಯಾವ ಹಳ್ಳಕ್ಕಾದರೂ ತನ್ನದೇ ಪುಟ್ಟ ಮುಖಜಭೂಮಿ ಇರಬಹುದು.

ಅಲೆದಾಡುವ ಬಾಯಿ

ಸಹಜ ಸರೋವರಕ್ಕೂ ಜಲಾಶಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸರೋವರದ ಮಟ್ಟ ವರ್ಷದಲ್ಲಿ ಅಷ್ಟಾಗಿ ಏರಿಳಿಯುವುದಿಲ್ಲ, ಹಳ್ಳದ ಬಾಯಿ ಬಹುಮಟ್ಟಿಗೆ ಒಂದೇ ಕಡೆ ಇರುತ್ತದೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಬೇಸಿಗೆಯ ಕೊನೆಗೆ ನೀರು ಅಲ್ಲಿಂದ ನಲವತ್ತು ಅಡಿಗೂ ಹೆಚ್ಚು ಇಳಿಯುವುದು ಅಪರೂಪವಲ್ಲ. ನೆಲದ ಇಳಿಜಾರು ಐನೂರು ಅಡಿಗೆ ಒಂದು ಅಡಿ ಇದ್ದರೆ, ಮಟ್ಟ ನಲವತ್ತು ಅಡಿ ಇಳಿದಾಗ ಬಾಯಿ ಇಪ್ಪತ್ತು ಸಾವಿರ ಅಡಿ, ಅಂದರೆ ಆರು ಕಿಲೋಮೀಟರ್ ಮುಂದಕ್ಕೆ ಹೋಗುತ್ತದೆ. ಒಂದೇ ಹಳ್ಳಕ್ಕೆ ಮಳೆಗಾಲದ ಬಾಯಿ ಒಂದು ಕಡೆ, ಬೇಸಿಗೆಯ ಬಾಯಿ ಇನ್ನೊಂದು ಕಡೆ. ನಡುವಿನ ನೆಲ ವರ್ಷದಲ್ಲಿ ಕೆಲವು ತಿಂಗಳು ಕೆರೆ, ಉಳಿದ ತಿಂಗಳು ದನ ಮೇಯುವ ಹುಲ್ಲುಗಾವಲು, ಕೆಲವೆಡೆ ಬೇಸಿಗೆ ಬೆಳೆ ಬೆಳೆಯುವ ಹೊಲ.

ಹಾಗಾದರೆ ಹೂಳು ಯಾವ ಬಾಯಲ್ಲಿ ಬೀಳುತ್ತದೆ? ಈ ಪ್ರಶ್ನೆಯ ಉತ್ತರ ಕ್ಯಾಲೆಂಡರಿನಲ್ಲಿದೆ, ಮತ್ತು ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ಎಳೆ ಇದು.

ಜಲಾಶಯವನ್ನು ತುಂಬಿಸುವುದು ಮಲೆನಾಡಿನ ಮಳೆ. ಅದು ಜುಲೈ, ಆಗಸ್ಟ್ ತಿಂಗಳಲ್ಲಿ ಸುರಿಯುತ್ತದೆ. ಒಳ್ಳೆಯ ವರ್ಷದಲ್ಲಿ ಆಗಸ್ಟ್ ಹೊತ್ತಿಗೆ ಡ್ಯಾಮ್ ತುಂಬಿ ಗೇಟು ತೆಗೆಯುತ್ತಾರೆ. ಆದರೆ ಆ ತಿಂಗಳುಗಳಲ್ಲಿ ಕೊಪ್ಪಳ ಸೀಮೆಯ ಮೇಲೆ ಬರೇ ಗಾಳಿ, ಮೋಡ, ತುಂತುರು. ಇಲ್ಲಿನ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಳ್ಳಗಳು ದಡ ಮೀರಿ ಹರಿಯುವುದು ಬಹಳ ಸಲ ಆಗಲೇ. ಅಂದರೆ ಹಿರೇಹಳ್ಳದಂಥ ಹಳ್ಳಗಳು ಅತಿ ಹೆಚ್ಚು ಮಣ್ಣು ಹೊತ್ತು ಬರುವ ಹೊತ್ತಿಗೆ ಕೆರೆ ತನ್ನ ಅತಿ ಎತ್ತರದ ಮಟ್ಟದಲ್ಲಿ ನಿಂತಿರುತ್ತದೆ. ಬಾಯಿ ಅತಿ ಮೇಲೆ ಇರುತ್ತದೆ. ಮಣ್ಣಿನ ಭಾರವೆಲ್ಲ ಆ ಮೇಲಿನ ಬಾಯಲ್ಲೇ ಇಳಿಯುತ್ತದೆ.

ಮಳೆಯ ಎರಡು ಕಾಲಗಳು ಒಂದೇ ಆಗಿದ್ದರೆ, ಕೆರೆ ಇನ್ನೂ ತುಂಬುತ್ತಿರುವಾಗಲೇ ಹಳ್ಳವೂ ಬರುತ್ತಿದ್ದರೆ, ಹೂಳು ಕೆಳಗೂ ಮೇಲೂ ಹಂಚಿಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ಹಾಗಿಲ್ಲ. ಒಂದೇ ಜಲಾಶಯಕ್ಕೆ ನೀರು ಕೊಡುವ ಮೋಡ ಒಂದು ಕಾಲದ್ದು, ಅದರ ಅಂಚಿಗೆ ಮಣ್ಣು ತರುವ ಮೋಡ ಇನ್ನೊಂದು ಕಾಲದ್ದು.

ಆಮೇಲೆ ಬೇಸಿಗೆ ಬರುತ್ತದೆ. ನಾಲೆಗೆ ನೀರು ಹೋಗುತ್ತಾ ಹೋಗುತ್ತಾ ಕೆರೆ ಹಿಂದೆ ಸರಿಯುತ್ತದೆ. ಮೇಲ್ಹಾಸು ನೀರಿನಿಂದ ಹೊರಬಂದು ಒಣಗಿ ಬಿರಿಯುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಹಳ್ಳ ಮತ್ತೆ ಬಂದರೆ, ಅದು ಈಗ ತನ್ನದೇ ದಿಣ್ಣೆಯ ಮೇಲೆ ಹರಿಯಬೇಕು. ಕೆರೆಯ ಮಟ್ಟ ಕೆಳಗಿರುವುದರಿಂದ ಮುಂದೆ ಇಳಿಜಾರಿದೆ, ವೇಗವಿದೆ. ಹಳ್ಳ ತಾನು ಹಾಕಿದ ಮಣ್ಣನ್ನು ತಾನೇ ಕೊರೆದು, ಒಂದಿಷ್ಟನ್ನು ಕೆಳಗಿನ ಬಾಯಿಗೆ ಒಯ್ಯುತ್ತದೆ. ಈ ಕೊರಕಲಿನ ಗೋಡೆಯಲ್ಲಿ ಗಿಲ್ಬರ್ಟ್ ಹೇಳಿದ ಪದರಗಳನ್ನು ಬರಿಗಣ್ಣಿಗೆ ಹುಡುಕಬಹುದು: ಒಂದು ಪ್ರವಾಹದ ಉಸುಕು, ಅದರ ಮೇಲೆ ನೀರು ನಿಂತಾಗ ಕೂತ ಜೇಡಿ, ಮತ್ತೆ ಉಸುಕು. ಮೇ ತಿಂಗಳಲ್ಲಿ ಹಿನ್ನೀರಿನ ಕಡೆ ಹೋಗುವ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಸಿಗಲಾರದು. ಆದರೆ ಬೇಸಿಗೆಯ ಮಳೆ ಚಿಕ್ಕದು. ಅದು ಕೊರೆದು ಒಯ್ಯುವುದಕ್ಕಿಂತ ಸೆಪ್ಟೆಂಬರಿನ ಹಳ್ಳ ತಂದು ಹಾಕುವುದೇ ಹೆಚ್ಚು. ಒಣಗಿದ ದಿಣ್ಣೆಯ ಮೇಲೆ ಜಾಲಿ, ಆಪು ಬೇರೂರಿದರೆ ಕೊರೆಯುವುದೂ ನಿಲ್ಲುತ್ತದೆ. ಮುಂದಿನ ಹೂಳನ್ನು ಆ ಬೇರುಗಳೇ ಹಿಡಿಯುತ್ತವೆ.

ಹಿಂದಕ್ಕೂ ಬೆಳೆಯುವ ಹೂಳು

ದಿಣ್ಣೆ ಕೆರೆಯ ಒಳಕ್ಕೆ ಮಾತ್ರ ಬೆಳೆಯುವುದಿಲ್ಲ. ಬಾಯಲ್ಲಿ ನೆಲ ಎತ್ತರವಾಯಿತೆಂದರೆ ಅದರ ಹಿಂದಿನ ಹಳ್ಳದ ಇಳಿಜಾರು ಕಡಿಮೆಯಾಯಿತು. ಅಲ್ಲಿ ನೀರು ನಿಧಾನವಾಯಿತು. ಅಲ್ಲೂ ಉಸುಕು ಇಳಿಯಿತು. ಹೀಗೆ ಹೂಳು ಬಾಯಿಂದ ಮೇಲಕ್ಕೆ, ಹಳ್ಳದ ಪಾತ್ರದಲ್ಲಿ ಹಿಮ್ಮುಖವಾಗಿ ಹತ್ತುತ್ತಾ ಹೋಗುತ್ತದೆ. ಅಣೆಕಟ್ಟು ಕಟ್ಟುವಾಗ ಮುಳುಗುವ ಗೆರೆ ಎಂದು ಗುರುತಿಸಿದ ಮಟ್ಟಕ್ಕಿಂತ ಮೇಲಿರುವ ಹೊಲಗಳಿಗೂ ಹಳ್ಳದ ನೀರು ನುಗ್ಗಲು ಇದೂ ಒಂದು ಕಾರಣವಾಗಬಲ್ಲದು. ಹಳ್ಳ ತುಂಬಿ ಹೊಲಕ್ಕೆ ಬಂದಾಗ ನಾವು ಆಕಾಶದ ಕಡೆ ನೋಡುತ್ತೇವೆ. ಕೆಳಗೆ ಏರಿದ ತಳದ ಕಡೆಗೂ ನೋಡಬೇಕು.

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಹಿರೇಹಳ್ಳಕ್ಕೆ ಇಳಿದು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜಾಲಿ ಕಿತ್ತು, ಹೂಳು ತೆಗೆದು, ಹಳ್ಳಕ್ಕೆ ಅದರ ಪಾತ್ರವನ್ನು ಮರಳಿ ಕೊಟ್ಟರು. ಜಿಲ್ಲೆಯ ಜನ ಹೆಮ್ಮೆಪಡಬೇಕಾದ ಕೆಲಸ. ಅದರ ವಿಜ್ಞಾನವೂ ಸರಿಯಾಗಿದೆ: ಜಾಲಿ ತೆಗೆದರೆ ನೀರಿನ ವೇಗ ಹೆಚ್ಚುತ್ತದೆ, ಪಾತ್ರದಲ್ಲಿ ಹೂಳು ಕೂರುವುದು ಕಡಿಮೆಯಾಗುತ್ತದೆ. ಆದರೆ ವೇಗ ಹೆಚ್ಚಿದ ಹಳ್ಳ ಆ ಮಣ್ಣನ್ನು ಇನ್ನೂ ಕೆಳಗಿನ ಬಾಯಿಗೆ ತಲುಪಿಸುತ್ತದೆ ಎಂಬುದನ್ನೂ ಮರೆಯಬಾರದು. ಹಳ್ಳ ಶುದ್ಧ ಮಾಡುವುದು ಅರ್ಧ ಕೆಲಸ. ಹಳ್ಳಕ್ಕೆ ಮಣ್ಣು ಬೀಳದಂತೆ ಮಾಡುವುದು ಇನ್ನರ್ಧ.

ಗೇಟು ತೆಗೆದರೆ ಹೋಗದೇ?

ಹೋಗುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳೂ ಗೋಡೆಯ ನೆತ್ತಿಯಲ್ಲಿವೆ. ಒಂದೊಂದು 60 ಅಡಿ ಅಗಲ, 20 ಅಡಿ ಎತ್ತರ. ಎಲ್ಲವನ್ನೂ ತೆಗೆದರೂ ಹೊರಗೆ ಹೋಗುವುದು 1,613 ಅಡಿಗಿಂತ ಮೇಲಿನ ನೀರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಹಗಲು ರಾತ್ರಿ ಹರಿದುಹೋದದ್ದು ಆ ಮೇಲಿನ ನೀರೇ. ಹೂಳು ಇರುವುದಾದರೋ ಗೇಟಿನಿಂದ ಎಷ್ಟೋ ಕಿಲೋಮೀಟರ್ ಹಿಂದೆ. ಗೇಟಿನ ಹತ್ತಿರ ನೀರು ಎಷ್ಟೇ ಜೋರಾಗಿ ಓಡಿದರೂ ಅಷ್ಟು ದೂರದ ದಿಣ್ಣೆಗೆ ಅದರ ಅರಿವೂ ಆಗುವುದಿಲ್ಲ.

ಒಂದು ವಿನಾಯಿತಿ ಇದೆ. ಬಹಳ ಜೇಡಿ ತುಂಬಿದ ಹಳ್ಳದ ನೀರು ಕೆರೆಯ ತಿಳಿನೀರಿಗಿಂತ ಭಾರ. ಅದು ಬೆರೆಯುವ ಬದಲು ಮುಳುಗಿ, ತಳ ಹಿಡಿದು ಹರಿಯುತ್ತದೆ. ಇದನ್ನು ಅಡಿಹರಿವು ಎನ್ನೋಣ. ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಫೋರೆಲ್ ಹತ್ತೊಂಬತ್ತನೇ ಶತಮಾನದಲ್ಲೇ ಜಿನೀವಾ ಸರೋವರಕ್ಕೆ ಸೇರುವ ರೋನ್ ನದಿಯ ಕದಡು ನೀರು ಹೀಗೆ ಮುಳುಗುವುದನ್ನು ವಿವರಿಸಿದ್ದರು. ಅಮೆರಿಕದಲ್ಲಿ ಹೂವರ್ ಅಣೆಕಟ್ಟಿನ ಹಿಂದೆ 1935ರಲ್ಲಿ ನೀರು ತುಂಬತೊಡಗಿದ ಹೊಸತರಲ್ಲೇ, ಮೇಲೆ ತಿಳಿಯಾಗಿ ಕಂಡ ಸರೋವರದ ತಳದಲ್ಲಿ ಕೆಸರುನೀರು ಗೋಡೆಯವರೆಗೂ ಬಂದು ಹೊರಬಿದ್ದಿತು. ಅಡಿಹರಿವು ಒಯ್ಯುವುದು ಜೇಡಿಯನ್ನು ಮಾತ್ರ. ಉಸುಕು ಅಷ್ಟರಲ್ಲಿ ಹಿಂದೆಯೇ ಉಳಿದಿರುತ್ತದೆ.

ಯಾವ ನೀರು ಕಡಿಮೆಯಾಯಿತು

ಯಾವ ಜಲಾಶಯದಲ್ಲೂ ನಾಲೆಯ ತೂಬಿಗಿಂತ ಕೆಳಗೆ ಒಂದಿಷ್ಟು ನೀರು ಉಳಿಯುತ್ತದೆ. ಅದನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಹೊಲಕ್ಕೆ ಬಾರದ ನೀರು. ಹೂಳು ಹೇಗೂ ಬಂದು ಅಲ್ಲಿ ಕೂರುತ್ತದೆ, ಹೊಲಕ್ಕೆ ಹೋಗುವ ನೀರಿಗೆ ಬಹುಕಾಲ ತೊಂದರೆಯಿಲ್ಲ ಎಂಬ ನಂಬಿಕೆ ಹಿಂದೆ ಜಗತ್ತಿನ ಅನೇಕ ಕಡೆ ಅಣೆಕಟ್ಟುಗಳ ಆಯಸ್ಸಿನ ಲೆಕ್ಕದಲ್ಲಿ ಸೇರಿಕೊಂಡಿತ್ತು.

ಹಳ್ಳದ ಬಾಯಿಯನ್ನು ನೋಡಿ ಬಂದವರಿಗೆ ಆ ನಂಬಿಕೆ ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ. ಭಾರದ ಹೂಳು ತಳಕ್ಕೆ ಹೋಗುವುದಿಲ್ಲ, ಅಂಚಿನಲ್ಲಿ, ಮೇಲಿನ ಮಟ್ಟದಲ್ಲಿ ಕೂರುತ್ತದೆ. ಅದು ತಿನ್ನುವುದು ಹೊಲಕ್ಕೆ ಹೋಗಬೇಕಿದ್ದ ನೀರಿನ ಜಾಗವನ್ನು. ತುಂಗಭದ್ರೆಯಿಂದ ಕರ್ನಾಟಕಕ್ಕೆ ಹಂಚಿಕೆಯಾದ ನೀರು ವರ್ಷಕ್ಕೆ 138.99 ಟಿಎಂಸಿ. ಇದನ್ನು ಒಮ್ಮೆಗೇ ತುಂಬಿಟ್ಟುಕೊಳ್ಳಲು ಆಗುವುದಿಲ್ಲ. ಮಳೆಗಾಲದಲ್ಲಿ ನದಿ ಬರುತ್ತಿರುವಾಗಲೇ ನಾಲೆಗೂ ಬಿಡುತ್ತಾ ಹೋಗುತ್ತಾರೆ. ಮೊದಲ ಬೆಳೆಗೆ ಹರಿಯುವ ನದಿಯ ಆಸರೆ ಇದೆ. ನದಿ ಬತ್ತಿದ ಮೇಲೆ, ಡಿಸೆಂಬರಿನಿಂದಾಚೆಗೆ, ಕೂಡಿಟ್ಟ ನೀರೊಂದೇ ಗತಿ. ಆದ್ದರಿಂದ ಹೂಳಿನ ಪೆಟ್ಟು ಬೀಳುವುದು ಎರಡನೇ ಬೆಳೆಯ ಮೇಲೆ, ಅದರಲ್ಲೂ ನಾಲೆಯ ಕೊನೆಯ ಭಾಗದ ರೈತರ ಮೇಲೆ. ಮರಳಿಯ ಗದ್ದೆಗೆ ಜನವರಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂಬುದಕ್ಕೂ ಯಲಬುರ್ಗಾದ ಎರೆಹೊಲದ ಒಡ್ಡು ಸೆಪ್ಟೆಂಬರಿನಲ್ಲಿ ಒಡೆಯಿತೋ ಇಲ್ಲವೋ ಎಂಬುದಕ್ಕೂ ಸಂಬಂಧವಿದೆ. ಕಾಲುವೆ ಕೆಳಗಿನವರೂ ಕಾಲುವೆ ಇಲ್ಲದವರೂ ಒಂದೇ ಕೆರೆಯ ಎರಡು ತುದಿಯವರು.

ಕಳೆದುಕೊಂಡ ಜಾಗಕ್ಕೆ ಬದಲಾಗಿ ಕನಕಗಿರಿ ಕಡೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಬಹುಕಾಲದಿಂದ ಇದೆ. ಅದು ಆಗಲಿ. ಆದರೆ ಹೊಸ ಜಲಾಶಯಕ್ಕೂ ಹಳ್ಳಗಳಿರುತ್ತವೆ, ಹಳ್ಳಗಳಿಗೆ ಬಾಯಿ ಇರುತ್ತದೆ.

ಎಲ್ಲಿ ತಡೆಯಬೇಕು

ಬೀಳುವುದಕ್ಕೆ ಬೇಕಾದ ಹೊತ್ತು ಎಂಬ ಒಂದೇ ಸೂತ್ರ ಪರಿಹಾರವನ್ನೂ ತೋರಿಸುತ್ತದೆ. ಉಸುಕಿಗೆ ಮೂರು ನಿಮಿಷ ನಿಂತ ನೀರು ಸಾಕು. ಆ ಮೂರು ನಿಮಿಷವನ್ನು ದೊಡ್ಡ ಕೆರೆಯ ಅಂಚಿನ ಬದಲು ಹಳ್ಳದ ಮೇಲ್ಭಾಗದ ಸಣ್ಣ ಒಡ್ಡಿನಲ್ಲಿ, ಊರ ಕೆರೆಯಲ್ಲಿ, ಕೃಷಿಹೊಂಡದಲ್ಲಿ ಕೊಟ್ಟರೆ ಉಸುಕು ಅಲ್ಲೇ ಇಳಿಯುತ್ತದೆ. ಸಣ್ಣ ಒಡ್ಡಿನ ಹೂಳನ್ನು ಒಂದು ಊರಿನವರು ಒಂದು ಬೇಸಿಗೆಯಲ್ಲಿ ತೆಗೆಯಬಹುದು. 378 ಚದರ ಕಿಲೋಮೀಟರಿನ ಕೆರೆಯ ಹೂಳನ್ನು ಯಾರೂ ತೆಗೆಯಲಾರರು. ಮುದ್ಲಾಪುರದ ಅಣೆಕಟ್ಟು ಈಗಾಗಲೇ ಹಿರೇಹಳ್ಳದ ಭಾರದ ಹೂಳನ್ನು ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತಿದೆ. ಅದೂ ತುಂಬಿದರೆ ಮುಂದಿನದು ದೊಡ್ಡ ಕೆರೆಯೇ.

ಜೇಡಿಗೆ ಒಂದು ತಿಂಗಳು ಬೇಕು. ಅದನ್ನು ಒಡ್ಡು ಹಿಡಿಯಲಾರದು. ಅದನ್ನು ಹೊಲದಲ್ಲೇ ಹಿಡಿಯಬೇಕು: ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದುವಿನ ಮೇಲೆ ಹುಲ್ಲು, ಸೆಪ್ಟೆಂಬರಿನ ಮಳೆ ಬರುವ ಹೊತ್ತಿಗೆ ನೆಲದ ಮೇಲೊಂದು ಬೆಳೆ. ಎರೆಹೊಲವನ್ನು ಹಿಂಗಾರಿಗೆಂದು ಬರಿದಾಗಿ ಬಿಡುವ ಪದ್ಧತಿಗೆ ತನ್ನದೇ ಕಾರಣಗಳಿವೆ, ತೇವ ಉಳಿಸುವುದು ಅದರಲ್ಲಿ ಮುಖ್ಯ. ಆದರೂ ಹೊಲದ ಕೆಳಅಂಚಿನಲ್ಲಿ ಒಂದು ಹುಲ್ಲಿನ ಪಟ್ಟಿ ಉಳಿಸಲು ಆ ಪದ್ಧತಿ ಅಡ್ಡಬರುವುದಿಲ್ಲ.

ಬೇಸಿಗೆಯಲ್ಲಿ ಹಿನ್ನೀರಿನ ಹೂಳನ್ನು ಗೊಬ್ಬರಕ್ಕೆಂದು ತರುವವರಿಗೆ ಒಂದು ಮಾತು. ಹಳ್ಳದ ಬಾಯಿಗೆ ತೀರ ಹತ್ತಿರದ ಮಣ್ಣನ್ನು ತುಂಬಬೇಡಿ, ಅದರಲ್ಲಿ ಉಸುಕೇ ಹೆಚ್ಚು. ಇನ್ನೂ ಒಳಗೆ ಹೋಗಿ, ಒಣಗಿದಾಗ ಅಗಲ ಬಿರುಕು ಬಿಟ್ಟ ಜಾಗ ಹುಡುಕಿ. ಬಿರುಕು ಬಿಡುವುದು ಜೇಡಿಯ ಗುರುತು. ಅದು ನೀರು ಹಿಡಿಯದ ಮಸಾರಿ ಹೊಲಕ್ಕೆ ಒಳ್ಳೆಯದು, ಎರೆಹೊಲಕ್ಕೆ ಬೇಕಾಗಿಲ್ಲ. ಹಾಕುವ ಮೊದಲು ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿ. ಮತ್ತು ಆ ಹೊಲದ ಬದು ಗಟ್ಟಿಯಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ನೀವು ಲಾರಿ ಬಾಡಿಗೆ ಕೊಟ್ಟು ತಂದ ಮಣ್ಣನ್ನು ಮುಂದಿನ ಸೆಪ್ಟೆಂಬರಿನಲ್ಲಿ ಹಳ್ಳ ಪುಕ್ಕಟೆ ವಾಪಸು ಒಯ್ಯುತ್ತದೆ.